ಗುಟ್ಟು ಕಾಯುವ ಗಣಿತವೂ ಜನರ ಶಂಕೆಯೂ

ಶಿಕಾರಿಪುರ, ಸೊರಬ ಸೀಮೆಯ ಅಡಿಕೆ ಬೆಳೆಗಾರರನ್ನು 'ಈ ಸಾರಿ ಎಷ್ಟು ಕ್ವಿಂಟಾಲ್ ಆಯಿತು?' ಎಂದು ಅಪರಿಚಿತರು ಯಾರಾದರೂ ಕೇಳಿದರೆ ಸಂಖ್ಯೆಯೊಂದು ಉತ್ತರವಾಗಿ ಬರುವುದು ಅಪರೂಪ. 'ಏನೋ, ಖರ್ಚಿಗೆ ಸರಿಹೋಯಿತು' ಎಂಬ ಮಾತೇ ಸಾಮಾನ್ಯವಾಗಿ ದೊರೆಯುವ ಲೆಕ್ಕ. ಇದನ್ನು ಸುಳ್ಳೆಂದು ಕರೆಯಲಾಗದು. ಕೇಳುವವನು ಯಾರು, ಕೇಳಿದ್ದನ್ನು ಎಲ್ಲಿಗೆ ಒಯ್ಯುವನು ಎಂಬುದು ತಿಳಿಯುವವರೆಗೆ ಬಾಯಿ ಬಿಡದಿರುವುದು ಒಕ್ಕಲುತನದವರು ತಲೆಮಾರುಗಳ ಅನುಭವದಿಂದ ಕಲಿತ ಜಾಣ್ಮೆ. ಟಿಪ್ಪುವಿನ ಪತನಾನಂತರ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಚಂದ್ರಗುತ್ತಿಯ ಕಡೆಯಿಂದಲೂ ಹಾದುಹೋದನು. ಹೋದಲ್ಲೆಲ್ಲ ಬೆಳೆ, ಹುಟ್ಟುವಳಿ, ಗೇಣಿಗಳನ್ನು ವಿಚಾರಿಸಿ ಬರೆದುಕೊಂಡನು. ಲೆಕ್ಕದ ಬೆನ್ನಿಗೇ ಕಂದಾಯ ಬರುವುದೆಂಬುದನ್ನು ಆ ಕಾಲದ ಜನರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1871ರಲ್ಲಿ ಮೈಸೂರಿನಲ್ಲಿ ಖಾನೇಷುಮಾರಿ ನಡೆದಾಗಲೂ, ಮುಂದೆ ಹತ್ತು ವರ್ಷಕ್ಕೊಮ್ಮೆ ಜನಗಣತಿ ರೂಢಿಯಾದಾಗಲೂ, ಎಣಿಸುವವನು ಕಡೆಯಪಕ್ಷ ಹೊಸ್ತಿಲ ಹೊರಗೆ ನಿಂತು ಕೇಳುತ್ತಿದ್ದನು. ಅವನ ಮುಖ ಕಾಣುತ್ತಿತ್ತು. ಬೇಡವೆನಿಸಿದರೆ ಅರ್ಧ ಮಾತಿನಲ್ಲಿ ಕಳುಹಿಸಬಹುದಾಗಿತ್ತು.

ಇಂದು ಲೆಕ್ಕ ಕೇಳುವವನಿಗೆ ಜಗಲಿಗೆ ಬರುವ ಅಗತ್ಯವೇ ಇಲ್ಲ. ಪಹಣಿ ನೋಡುವುದು, ಅಡಿಕೆ ಧಾರಣೆ ತಿಳಿಯುವುದು, ಮಕ್ಕಳ ಪರೀಕ್ಷೆಯ ಫಲಿತಾಂಶ ಹುಡುಕುವುದು, ರೋಗಲಕ್ಷಣವೊಂದರ ಅರ್ಥವನ್ನು ಯಾರಿಗೂ ಹೇಳದೆ ವಿಚಾರಿಸುವುದು ಇವೆಲ್ಲವೂ ಮೊಬೈಲಿನಲ್ಲಿರುವ ಬ್ರೌಸರ್ ಎಂಬ ತಂತ್ರಾಂಶದ ಮೂಲಕ ನಡೆಯುತ್ತವೆ. ಬ್ರೌಸರ್ ಎಂದರೆ ಅಂತರಜಾಲದ ಪುಟಗಳನ್ನು ತಂದು ತೋರಿಸುವ ಸಾಧನ. ಗೂಗಲ್ ಸಂಸ್ಥೆಯ ಕ್ರೋಮ್, ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್, ಆಪಲ್ ಸಂಸ್ಥೆಯ ಸಫಾರಿ ಇವು ಅವುಗಳಲ್ಲಿ ಹೆಸರಾದವು. ಮನೆಯ ಆಳಿಗೆ ಮನೆಯ ಒಳಗುಟ್ಟೆಲ್ಲ ತಿಳಿದಿರುವಂತೆ, ಬಳಸುವವರ ಸಾಲ, ಕಾಯಿಲೆ, ಆಸೆ, ಅಂಜಿಕೆಗಳೆಲ್ಲ ಈ ಸಾಧನಕ್ಕೆ ತಿಳಿದಿರುತ್ತವೆ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇದರ ಖರ್ಚು ಬಹುಮಟ್ಟಿಗೆ ಜಾಹೀರಾತಿನ ವ್ಯವಹಾರದಿಂದಲೇ ಹುಟ್ಟಬೇಕು. ಯಾವ ಜಾಹೀರಾತನ್ನು ಕಂಡು ಎಷ್ಟು ಜನ ವಸ್ತುವನ್ನು ಕೊಂಡರು ಎಂಬ ಲೆಕ್ಕ ವ್ಯಾಪಾರಿಗೆ ಬೇಕು. ಯಾವ ಪುಟ ತೆರೆದಾಗ ತಂತ್ರಾಂಶ ಕೆಟ್ಟು ನಿಲ್ಲುತ್ತದೆ ಎಂಬ ಲೆಕ್ಕ ತಯಾರಕನಿಗೆ ಬೇಕು. ಈ ಲೆಕ್ಕವನ್ನು ಪಡೆಯಲು ಹಿಂದಿನಿಂದ ಬಳಕೆಯಲ್ಲಿರುವ ಉಪಾಯ ಕುಕಿ ಎಂಬುದು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವವನ ಬೆನ್ನಿಗೆ ಅಂಟಿಸಿದ ಚೀಟಿ ಅದು. ಹೋದಲ್ಲೆಲ್ಲ ಅವನನ್ನು ಗುರುತಿಸಿ ಕೊಡುತ್ತದೆ.

ಇದು ಸಲ್ಲದೆಂಬ ಕೂಗು ಎದ್ದಾಗ ಸಂಸ್ಥೆಗಳು ಮೊದಲು ಹೇಳಿದ ಸಮಾಧಾನ ಸುಲಭದ್ದು: ಹೆಸರು ತೆಗೆದುಹಾಕುತ್ತೇವೆ, ಮಿಕ್ಕ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತೇವೆ ಎಂಬುದು. ಈ ಸಮಾಧಾನದ ಪೊಳ್ಳುತನವನ್ನು ತಿಳಿಯಲು ದೊಡ್ಡ ವಿದ್ವತ್ತು ಬೇಕಿಲ್ಲ. ಸೊರಬ ತಾಲ್ಲೂಕಿನ ಸಣ್ಣ ಹಳ್ಳಿಯೊಂದರಲ್ಲಿ 'ನಿವೃತ್ತ ಶಿಕ್ಷಕರು, ಅರವತ್ತೆಂಟು ವಯಸ್ಸು, ಮೂರು ಎಕರೆ ತೋಟ, ಒಬ್ಬ ಮಗ ಬೆಂಗಳೂರಿನಲ್ಲಿ' ಎಂದು ಬರೆದರೆ ಹೆಸರು ಬರೆಯುವ ಅಗತ್ಯವೇನು? ಅಮೆರಿಕದ ಎಒಎಲ್ ಸಂಸ್ಥೆಯು 2006ರಲ್ಲಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕುಮಾತುಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಸಂಶೋಧಕರ ಉಪಯೋಗಕ್ಕೆಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಆ ಸಂಖ್ಯೆಗಳಲ್ಲೊಂದರ ಹಿಂದಿದ್ದ ವೃದ್ಧೆಯ ಮನೆ ಬಾಗಿಲನ್ನು ತಟ್ಟಿದರು. ಅವರು ಹುಡುಕಿದ ಊರು, ಬಂಧುಗಳ ಅಡ್ಡಹೆಸರು, ಕಾಯಿಲೆಗಳೇ ಗುರುತು ಹೇಳಿದ್ದವು.

ಹೆಸರು ಅಳಿಸಿದರೆ ಸಾಲದೆಂದ ಮೇಲೆ ಗಣಿತಜ್ಞರು ಬೇರೊಂದು ದಾರಿ ಹಿಡಿದರು. ಉತ್ತರವನ್ನೇ ಕಲಬೆರಕೆ ಮಾಡಿ ಪಡೆಯುವುದು ಆ ದಾರಿ. ಮಲೆನಾಡಿನಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಗತಿಯೊಂದನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯ ಸ್ಪಷ್ಟವಾದೀತು. 'ಮಂಜೂರಾಗದ ಬಗರ್‌ಹುಕುಂ ಜಮೀನು ನಿಮ್ಮ ಸ್ವಾಧೀನದಲ್ಲಿದೆಯೇ?' ಎಂದು ಸಾವಿರ ಮನೆಗಳಲ್ಲಿ ಕೇಳಬೇಕಾಗಿದೆ ಎನ್ನೋಣ. ನೇರವಾಗಿ ಕೇಳಿದರೆ ನಿಜ ಬರುವುದಿಲ್ಲ. ಆದುದರಿಂದ ಪ್ರತಿ ಮನೆಯವರ ಕೈಗೂ ಒಂದು ನಾಣ್ಯ ಕೊಟ್ಟು, ಮರೆಯಲ್ಲಿ ಚಿಮ್ಮಲು ಹೇಳಬೇಕು. ತಲೆ ಬಿದ್ದರೆ ನಿಜವನ್ನೇ ನುಡಿಯತಕ್ಕದ್ದು. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಆಗ ತಲೆ ಬಂದರೆ 'ಹೌದು' ಎಂತಲೂ ಬಾಲ ಬಂದರೆ 'ಇಲ್ಲ' ಎಂತಲೂ, ವಾಸ್ತವವೇನೇ ಇರಲಿ, ಹೇಳಿಬಿಡತಕ್ಕದ್ದು. ಈಗ ಯಾರಾದರೂ 'ಹೌದು' ಎಂದರೆ ಅದು ಜಮೀನಿನ ಮಾತೋ ನಾಣ್ಯದ ಮಾತೋ ಕೇಳಿದವನಿಗೆ ತಿಳಿಯದು. ನಾಳೆ ನೋಟೀಸು ಕೊಡಲು ಬಂದವನಿಗೂ ತಿಳಿಯದು. ಆದರೂ ಮೊತ್ತದ ಲೆಕ್ಕ ಸಿಕ್ಕುತ್ತದೆ. ಸಾವಿರ ಮನೆಗಳಲ್ಲಿ ಸುಮಾರು 500 ಮನೆಯವರು ನಿಜ ನುಡಿದಿರುತ್ತಾರೆ, 250 ಮಂದಿ ನಾಣ್ಯದ ಒತ್ತಾಯಕ್ಕೆ 'ಹೌದು' ಎಂದಿರುತ್ತಾರೆ. ಒಟ್ಟು 400 'ಹೌದು' ಬಂದಿದ್ದರೆ 250ನ್ನು ಕಳೆದು ಉಳಿದ 150ನ್ನು 500ರೊಡನೆ ಹೋಲಿಸಬೇಕು. ನೂರಕ್ಕೆ ಮೂವತ್ತು ಮನೆಗಳಲ್ಲಿ ಅಂಥ ಜಮೀನು ಇದೆಯೆಂದಾಯಿತು. ಯಾರ ಮನೆ ಎಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಸಂಖ್ಯಾಶಾಸ್ತ್ರಜ್ಞ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಪ್ರಕಟಿಸಿದ ಉಪಾಯದ ಸರಳ ರೂಪ ಇದು. ಗೂಗಲ್ ಸಂಸ್ಥೆ 2014ರಲ್ಲಿ ಕ್ರೋಮ್ ಬ್ರೌಸರಿನೊಳಗೆ ಬಳಸಿದ ರ್‍ಯಾಪರ್ ಎಂಬ ಪದ್ಧತಿಯ ಬೇರು ಇದೇ ನಾಣ್ಯದಲ್ಲಿದೆ. ಆಪಲ್ ಸಂಸ್ಥೆ 2016ರಿಂದ ಅನುಸರಿಸಿದ್ದೂ ಇದರ ದಾಯಾದಿಯನ್ನು. ಉತ್ತರದಲ್ಲಿ ಎಷ್ಟು ಕಲಬೆರಕೆ ಇದ್ದರೆ ವ್ಯಕ್ತಿಗೆ ಎಷ್ಟು ರಕ್ಷಣೆ ಎಂಬುದನ್ನು ಅಳೆಯುವ ಗಣಿತವನ್ನು ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು 2006ರಲ್ಲಿ ಕಟ್ಟಿಕೊಟ್ಟಿದ್ದರು.

ಈ ನಾಣ್ಯಕ್ಕೊಂದು ದೌರ್ಬಲ್ಯವೂ ಉಂಟು. ಒಂದೇ ಮನೆಗೆ ಒಂದೇ ಪ್ರಶ್ನೆಯನ್ನು ಮೂವತ್ತು ದಿನ ಕೇಳಿ, ದಿನವೂ ಹೊಸದಾಗಿ ನಾಣ್ಯ ಚಿಮ್ಮಿಸಿದರೆ, ಜಮೀನು ಇದ್ದವನು ಸುಮಾರು 22 ಸಲ 'ಹೌದು' ಎಂದಿರುತ್ತಾನೆ, ಇಲ್ಲದವನು ಸುಮಾರು 8 ಸಲ. ಗುಟ್ಟು ತಾನಾಗಿ ಬಯಲಾಯಿತು. ಆದುದರಿಂದ ಎಷ್ಟು ಸಲ ಕೇಳಬೇಕು ಎಂಬುದಕ್ಕೆ ಮಿತಿ ಇರಲೇಬೇಕು. ಆ ಮಿತಿಯನ್ನು ಇಡುವವನು ಕೇಳುವವನೇ. ಜನರ ಶಂಕೆ ಮೊಳೆಯುವ ಮೊದಲ ಸ್ಥಾನ ಇದು.

ಎರಡನೆಯ ಉಪಾಯ ಇನ್ನೂ ಸೊಗಸಾದುದು. ನಲವತ್ತು ಬೆಳೆಗಾರರ ಒಟ್ಟು ಅಡಿಕೆ ಎಷ್ಟೆಂದು ತಿಳಿಯಬೇಕು, ಒಬ್ಬೊಬ್ಬರದು ತಿಳಿಯಕೂಡದು. ಎರಡು ಪೆಟ್ಟಿಗೆಗಳನ್ನು ಇಡಬೇಕು. ಒಂದು ಸಹಕಾರ ಸಂಘದ ಕಾರ್ಯದರ್ಶಿಯ ವಶ, ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರ ವಶ. ಹನ್ನೆರಡು ಕ್ವಿಂಟಾಲ್ ಬೆಳೆದವನು ಮನಸ್ಸಿಗೆ ತೋಚಿದ ಸಂಖ್ಯೆ, 57 ಎನ್ನೋಣ, ಬರೆದು ಮೊದಲನೆಯದರಲ್ಲಿ ಹಾಕುತ್ತಾನೆ. ಎರಡನೆಯದರಲ್ಲಿ ಋಣ 45 ಎಂದು ಹಾಕುತ್ತಾನೆ. ಎರಡೂ ಕೂಡಿದರೆ 12. ಬಿಡಿಯಾಗಿ ನೋಡಿದವನಿಗೆ ಎರಡೂ ಅರ್ಥವಿಲ್ಲದ ಅಂಕಿಗಳು. ಕಾರ್ಯದರ್ಶಿ ತನ್ನ ಪೆಟ್ಟಿಗೆಯ ನಲವತ್ತು ಚೀಟಿಗಳನ್ನು ಕೂಡುತ್ತಾನೆ, ಮುಖ್ಯೋಪಾಧ್ಯಾಯರು ತಮ್ಮದನ್ನು ಕೂಡುತ್ತಾರೆ. ಎರಡು ಮೊತ್ತಗಳನ್ನು ಮಾತ್ರ ಒಂದುಗೂಡಿಸಿದರೆ ಊರಿನ ಅಡಿಕೆಯ ಲೆಕ್ಕ ಸರಿಯಾಗಿ ಬರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು 2017ರಲ್ಲಿ ರೂಪಿಸಿದ ಪ್ರಿಯೋ ಎಂಬ ಪದ್ಧತಿಯ ತಿರುಳು ಇಷ್ಟೇ. ಇದರಲ್ಲಿ ದೋಷವಿಲ್ಲ, ಒಂದು ನಿಬಂಧನೆ ಉಂಟು: ಪೆಟ್ಟಿಗೆ ಕಾಯುವ ಇಬ್ಬರೂ ತಮ್ಮೊಳಗೆ ಚೀಟಿಗಳನ್ನು ಹಂಚಿಕೊಳ್ಳಬಾರದು. ಅವರಿಬ್ಬರೂ ಸಂಜೆ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವವರಾಗಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ.

ಮೊಜಿಲ್ಲಾ ಸಂಸ್ಥೆಯ ಪ್ರಸಂಗ ಇಲ್ಲಿಗೆ ಬಂದು ಸೇರುತ್ತದೆ. 2024ರ ಜುಲೈ ತಿಂಗಳಲ್ಲಿ ಹೊರಬಂದ ಫೈರ್‌ಫಾಕ್ಸಿನ 128ನೆಯ ಆವೃತ್ತಿಯಲ್ಲಿ, ಜಾಹೀರಾತು ಕಂಡವರಲ್ಲಿ ಎಷ್ಟು ಮಂದಿ ವಸ್ತು ಕೊಂಡರು ಎಂಬುದನ್ನು ಎರಡು ಪೆಟ್ಟಿಗೆಗಳ ಕ್ರಮದಲ್ಲಿ ಎಣಿಸುವ ಏರ್ಪಾಡನ್ನು ಪ್ರಯೋಗಾರ್ಥವಾಗಿ ಸೇರಿಸಲಾಯಿತು. ಒಂದು ಪೆಟ್ಟಿಗೆ ಮೊಜಿಲ್ಲಾದ ವಶ, ಇನ್ನೊಂದು ಲಾಭರಹಿತ ಸಂಸ್ಥೆಯೊಂದರ ವಶ. ಕುಕಿಯ ಬೇಹುಗಾರಿಕೆಗೆ ಹೋಲಿಸಿದರೆ ಇದು ಬಹಳ ಮೇಲಾದ ಕ್ರಮವೆಂಬುದನ್ನು ಒಪ್ಪಲೇಬೇಕು. ಆದರೂ ಬಳಕೆದಾರರು ರೇಗಿದರು. ಕಾರಣ, ಆಯ್ಕೆಯ ಚೌಕದಲ್ಲಿ ಗುರುತನ್ನು ಮೊದಲೇ ಹಾಕಿಡಲಾಗಿತ್ತು. ಬೇಡವಾದವನು ಹುಡುಕಿಕೊಂಡು ಹೋಗಿ ತೆಗೆಯಬೇಕಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೊಯ್ಬ್ ಎಂಬ ಸಂಘಟನೆ ಆಸ್ಟ್ರಿಯಾ ದೇಶದ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. ಖಾಸಗಿತನದ ಕಾವಲುಗಾರನೆಂದು ಹೆಸರು ಗಳಿಸಿದ್ದ ಸಂಸ್ಥೆ ಜಾಹೀರಾತು ವ್ಯವಹಾರದ ಸಂಸ್ಥೆಯೊಂದನ್ನು ಆ ಆವೃತ್ತಿ ಹೊರಬರುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆಯಷ್ಟೇ ಕೊಂಡಿದ್ದುದೂ, ಫೇಸ್‌ಬುಕ್ಕನ್ನು ನಡೆಸುವ ಮೆಟಾದೊಡನೆ ಕೂಡಿ 2022ರಲ್ಲಿ ಇದೇ ಬಗೆಯ ಎಣಿಕೆಯೊಂದನ್ನು ಪ್ರಸ್ತಾಪಿಸಿದ್ದುದೂ ಜನರ ನೆನಪಿನಲ್ಲಿದ್ದವು. ಪೆಟ್ಟಿಗೆಯ ಬೀಗ ಎಷ್ಟು ಗಟ್ಟಿ ಎಂದು ಸಂಸ್ಥೆ ವಿವರಿಸುತ್ತಿತ್ತು. ಜನರು ಕೇಳುತ್ತಿದ್ದುದು ಬೀಗದ ವಿಚಾರವನ್ನಲ್ಲ, ತಮ್ಮನ್ನು ಏಕೆ ಕೇಳಲಿಲ್ಲ ಎಂಬುದನ್ನು.

ಇದು ದೂರದ ಜಗಳವೆಂದು ಭಾವಿಸುವವರಿಗೆ ಅದಕ್ಕೂ ಹಿಂದಿನ ಒಂದು ಘಟನೆಯನ್ನು ನೆನಪಿಸಬೇಕು. ಕುಕಿಗೆ ಬದಲಾಗಿ ಗೂಗಲ್ ಸಂಸ್ಥೆ 2021ರಲ್ಲಿ ಫ್ಲಾಕ್ ಎಂಬ ಯೋಜನೆಯನ್ನು ತಂದಿತು. ಒಂದು ವಾರ ನೋಡಿದ ಪುಟಗಳ ಆಧಾರದ ಮೇಲೆ ಬ್ರೌಸರೇ ಬಳಕೆದಾರನನ್ನು ಒಂದು ಗುಂಪಿಗೆ ಸೇರಿಸಿ, ಆ ಗುಂಪಿನ ಸಂಖ್ಯೆಯನ್ನು ಮಾತ್ರ ಹೊರಗೆ ಹೇಳುವುದು. ವ್ಯಕ್ತಿ ಗುಂಪಿನೊಳಗೆ ಮರೆಯಾಗಿರುತ್ತಾನೆ ಎಂಬುದು ಅದರ ತರ್ಕ. ಇಂಥ 33,872 ಗುಂಪುಗಳಿದ್ದವು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೆಲವು ದೇಶಗಳ ಕ್ರೋಮ್ ಬಳಕೆದಾರರಲ್ಲಿ ಒಂದು ಸಣ್ಣ ಭಾಗದ ಮೇಲೆ, ಮುಂಚಿತವಾಗಿ ಕೇಳದೆ, ಪ್ರಯೋಗ ಆರಂಭವಾಯಿತು. ಆ ದೇಶಗಳಲ್ಲಿ ಅಮೆರಿಕ, ಜಪಾನ್, ಬ್ರೆಜಿಲ್ ಮೊದಲಾದವುಗಳ ಜೊತೆಗೆ ಭಾರತವೂ ಇತ್ತು. ಯುರೋಪಿನ ಒಕ್ಕೂಟದ ದೇಶಗಳನ್ನು ಬಿಡಲಾಗಿತ್ತು. ಅಲ್ಲಿನ ಖಾಸಗಿತನದ ಕಾನೂನು ಬಿಗಿಯಾದುದು. ಶಿಕಾರಿಪುರದ ಪೇಟೆಯಲ್ಲಿ ಯಾರದೋ ಜೇಬಿನಲ್ಲಿದ್ದ ಮೊಬೈಲೂ ಆ ಗುಂಪುಗಳಲ್ಲೊಂದರಲ್ಲಿ ಇದ್ದಿರಬಹುದು. ಇದ್ದರೂ ಅದರ ಒಡೆಯನಿಗೆ ಅದು ತಿಳಿದಿರುವ ಸಂಭವ ಕಡಿಮೆ. ವಿರೋಧ ಬಲವಾಗಿ, 2022ರ ಜನವರಿಯಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಏರ್ಪಾಡುಗಳಲ್ಲಿ ಬಹುಪಾಲು 2025ರ ಅಕ್ಟೋಬರಿನಲ್ಲಿ ಮುಚ್ಚಿಹೋದವು. ಜನರ ಅಪನಂಬಿಕೆಯೊಂದೇ ಇದಕ್ಕೆ ಕಾರಣವಲ್ಲ. ಜಾಹೀರಾತುದಾರರ ತಕರಾರು, ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ ಆಕ್ಷೇಪ ಇವೂ ಸೇರಿದ್ದವು. ಫಲ ಮಾತ್ರ ವಿಚಿತ್ರವಾದುದು. ಯಾವುದನ್ನು ತೊಲಗಿಸಲು ಇಷ್ಟೆಲ್ಲ ನಡೆಯಿತೋ ಆ ಹಳೆಯ ಕುಕಿ ಕ್ರೋಮಿನಲ್ಲಿ ಉಳಿದುಕೊಂಡಿತು.

ಜನರು ಗಣಿತವನ್ನು ಅರಿಯದೆ ಅಂಜುತ್ತಾರೆ ಎಂದು ತಜ್ಞರು ಹೇಳುವುದುಂಟು. ಅರಿಯದಿರುವುದು ನಿಜ, ಅಂಜಿಕೆಗೆ ಅದೇ ಕಾರಣವೆಂಬುದು ಸಂದೇಹಾಸ್ಪದ. 2020ರ ಮಾರ್ಚಿನಲ್ಲಿ ಕೊರೊನಾ ಪಿಡುಗಿನ ಆರಂಭದ ದಿನಗಳಲ್ಲಿ, ಗೃಹ ನಿರ್ಬಂಧದಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು. ವಿಳಾಸ ತಿಳಿದ ಮೇಲೆ ಮನುಷ್ಯ ತಿಳಿಯುವುದಕ್ಕೆ ಎಷ್ಟು ಹೊತ್ತು? ಇಂಥವನ್ನು ಕಂಡ ಜನರು ಮುಂದೆ ಯಾರು ಏನು ಕೇಳಿದರೂ ಒಂದು ಗಳಿಗೆ ಯೋಚಿಸುವುದು ಸಹಜ.

2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಈ ಸಮೀಕ್ಷೆಗೆ ಗಣತಿದಾರರಾದವರು ಮುಖ್ಯವಾಗಿ ಶಾಲಾ ಶಿಕ್ಷಕರು. ಈ ಸಂಪುಟದ ವಾಚಕರಲ್ಲಿಯೂ ಕೆಲವರು ಆ ದಿನಗಳಲ್ಲಿ ಮನೆ ಮನೆ ಸುತ್ತಿದ್ದಿರಬಹುದು. ವಿದ್ಯುತ್ ಮೀಟರ್ ಓದುವವರು ಮುಂಚಿತವಾಗಿ ಪ್ರತಿ ಮನೆಗೂ ಸಂಖ್ಯೆಯ ಚೀಟಿ ಅಂಟಿಸಿ ಹೋಗಿದ್ದರು. ಪ್ರಶ್ನೆಗಳು ಅರವತ್ತು. ಧರ್ಮದ ಕಲಮಿನಲ್ಲಿ 'ವೀರಶೈವ ಲಿಂಗಾಯತ' ಎಂದು ಬರೆಸಬೇಕೋ 'ಲಿಂಗಾಯತ' ಎಂದು ಬರೆಸಬೇಕೋ ಎಂಬ ಬಗ್ಗೆ ಸಭೆಗಳೂ ಹೇಳಿಕೆಗಳೂ ಸಾಕಷ್ಟು ಆದವು. ಬರೆಸಿದ್ದು ಎಲ್ಲಿ ಇರುತ್ತದೆ, ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಅಷ್ಟು ಸಭೆಗಳು ಆಗಲಿಲ್ಲ. ಆ ಪ್ರಶ್ನೆಯನ್ನು ಎತ್ತಿಕೊಂಡದ್ದು ಉಚ್ಚ ನ್ಯಾಯಾಲಯ. ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯವು ಸಮೀಕ್ಷೆಯನ್ನು ತಡೆಯಲಿಲ್ಲ. ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ಗಣತಿದಾರರು ಮೊದಲೇ ತಿಳಿಸಬೇಕು, ಒತ್ತಾಯಿಸಬಾರದು, ಸಂಗ್ರಹಿಸಿದ್ದನ್ನು ಆಯೋಗದ ಹೊರಗೆ ಯಾರಿಗೂ ಕೊಡಬಾರದು ಎಂದು ವಿಧಿಸಿತು. ಜನಗಣತಿಯಲ್ಲಿ ಕ್ರಮವೇ ಬೇರೆ: 1948ರ ಕಾಯಿದೆಯಂತೆ ಉತ್ತರಿಸುವುದು ಕಡ್ಡಾಯ, ಪ್ರತಿಯಾಗಿ ಆ ದಾಖಲೆಯನ್ನು ಯಾರೂ ತೆರೆದು ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಒಡ್ಡುವಂತಿಲ್ಲ. ಎರಡರಲ್ಲಿಯೂ ಕೊಡುಕೊಳ್ಳುವಿಕೆಯ ನಿಯಮ ಏನೆಂಬುದು ಸ್ಪಷ್ಟ. ಬಾಗಿಲಲ್ಲಿ ನಿಂತ ಮೇಷ್ಟ್ರನ್ನು 'ಆಧಾರ್ ಸಂಖ್ಯೆ ಯಾಕೆ ಬೇಕು ಸರ್?' ಎಂದು ಕೇಳಬಹುದು. ಬ್ರೌಸರಿಗೆ ಅಂಥ ಬಾಗಿಲಿಲ್ಲ.

ಹಾಗಾದರೆ ಯಾರಿಗೂ ಏನನ್ನೂ ಹೇಳದಿರುವುದೇ ಲೇಸೆ? ಇದಕ್ಕೆ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡೇ ಉತ್ತರ ಹೇಳುತ್ತದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳನ್ನೂ ಉಣುಗುಗಳನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿದ್ದರಿಂದ, ಉಣುಗಿನಿಂದ ಹರಡುವ ಹೊಸ ವೈರಾಣು ಪತ್ತೆಯಾಯಿತು. ಮಂಗನ ಕಾಯಿಲೆ ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರನ್ನೇ ಹೊತ್ತಿತು. ಇಂದಿಗೂ ಕಾಡಿನಲ್ಲಿ ಮಂಗ ಸತ್ತದ್ದನ್ನು ಕಂಡವರು ಆರೋಗ್ಯ ಇಲಾಖೆಗೆ ತಿಳಿಸುವುದರ ಮೇಲೆ ಸುತ್ತಲ ಹಳ್ಳಿಗಳ ಜೀವರಕ್ಷಣೆ ನಿಂತಿದೆ. ಅಲ್ಲಿ ಬಾಯಿ ಬಿಡದಿರುವುದು ಜಾಣ್ಮೆಯಲ್ಲ.

ಅದೇ ಕಾಯಿಲೆಗೆ ಇನ್ನೊಂದು ಅಧ್ಯಾಯವೂ ಉಂಟು, ಅದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ವೈರಾಣು ರಷ್ಯದ ಜ್ವರವೊಂದರ ವೈರಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬೊಂಬಾಯಿಯ ನಿಸರ್ಗ ಇತಿಹಾಸ ಸಂಘವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಜಾಡು ಹಿಡಿಯುವ ಕೆಲಸವನ್ನು ಕೈಗೊಂಡಿತು. ಮುಂದೆ ಆ ಕೆಲಸಕ್ಕೆ ಅಮೆರಿಕದ ಸೇನೆಗೆ ಸಂಬಂಧಿಸಿದ ಕಾರ್ಯಕ್ರಮವೊಂದರಿಂದ ಹಣ ಬಂತು. ಹಕ್ಕಿಗಳ ಜಾಡಿನ ಲೆಕ್ಕ ಸೈನ್ಯಕ್ಕೇಕೆ ಎಂಬ ಪ್ರಶ್ನೆ ಪತ್ರಿಕೆಗಳಲ್ಲೆದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ವಿದೇಶಿ ಹಣದ ಇಂಥ ಸಂಶೋಧನೆಗಳನ್ನು ಕುರಿತು 1975ರಲ್ಲಿ ಕಟುವಾದ ವರದಿ ನೀಡಿತು. ಸಲೀಂ ಅಲಿಯವರಂಥ ಪಕ್ಷಿಶಾಸ್ತ್ರಜ್ಞರ ಪ್ರಾಮಾಣಿಕತೆ ಒಂದು ಮಾತು, ಹಣ ಕೊಟ್ಟವನ ಉದ್ದೇಶ ಇನ್ನೊಂದು ಮಾತು. ಇವನ್ನು ಆಗ ಬೇರ್ಪಡಿಸಿ ನೋಡಲು ಸುಲಭವಾಗಲಿಲ್ಲ. ಉಂಗುರ ತೊಡಿಸಿದ ವಿಧಾನದಲ್ಲಿ ಯಾರೂ ತಪ್ಪು ಹಿಡಿದಿರಲಿಲ್ಲವೆಂಬುದು ಗಮನಾರ್ಹ.

ಕಾನೂನು ಈ ತೊಡಕನ್ನು ಎಷ್ಟರಮಟ್ಟಿಗೆ ಬಿಡಿಸಿದೆ ಎಂಬುದನ್ನೂ ನೋಡಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅವರ ಹೆಸರಿನ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿ, ಮುಖ್ಯ ವಿಧಿಗಳ ಜಾರಿಗೆ ಆ ದಿನದಿಂದ ಹದಿನೆಂಟು ತಿಂಗಳ ಅವಧಿ ಗೊತ್ತಾಯಿತು. ಒಪ್ಪಿಗೆ ಕೇಳುವ ತಿಳಿವಳಿಕೆಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶವಿರಬೇಕೆಂದು ಕಾಯಿದೆ ಹೇಳುತ್ತದೆ. ಆದರೆ ಈ ಕಾಯಿದೆ ಅನ್ವಯಿಸುವುದು ವ್ಯಕ್ತಿಯನ್ನು ಗುರುತಿಸಬಲ್ಲ ದತ್ತಾಂಶಕ್ಕೆ. ನಾಣ್ಯ ಚಿಮ್ಮಿ, ಚೀಟಿ ಸೀಳಿ ಪಡೆದ ಲೆಕ್ಕದಲ್ಲಿ ವ್ಯಕ್ತಿಯೇ ಇಲ್ಲವಾದ್ದರಿಂದ ಒಪ್ಪಿಗೆ ಏಕೆ ಬೇಕು ಎಂದು ಸಂಸ್ಥೆಗಳು ವಾದಿಸಬಹುದು. ಆಸ್ಟ್ರಿಯಾದಲ್ಲಿ ದೂರು ಕೊಟ್ಟವರ ವಾದ ಇದಕ್ಕೆ ತದ್ವಿರುದ್ಧವಾದುದು: ಲೆಕ್ಕ ಹೊರಗೆ ಹೋಗುವಾಗ ಮುಖ ಮುಚ್ಚಿರಬಹುದು, ಅದು ಹುಟ್ಟಿದ್ದು ಒಬ್ಬನ ಯಂತ್ರದೊಳಗೆ, ಅವನು ನೋಡಿದ ಪುಟಗಳಿಂದ, ಆದುದರಿಂದ ಕೇಳಲೇಬೇಕು ಎಂಬುದು. ಗುಟ್ಟು ಹೆಚ್ಚು ಭದ್ರವಾದಷ್ಟೂ ಕೇಳುವ ಹೊಣೆ ಕಡಿಮೆಯಾಗುತ್ತದೆಯೇ ಎಂಬುದನ್ನು ಭಾರತದ ನ್ಯಾಯಾಲಯಗಳೂ ಒಂದು ದಿನ ತೀರ್ಮಾನಿಸಬೇಕಾಗಬಹುದು.

ಅಲ್ಲಿಯವರೆಗೆ, ಆಸಕ್ತರು ತಮ್ಮ ಬ್ರೌಸರಿನ ಸೆಟ್ಟಿಂಗ್ಸ್ ವಿಭಾಗದಲ್ಲಿ ಖಾಸಗಿತನಕ್ಕೆ ಸಂಬಂಧಿಸಿದ ಪುಟವನ್ನು ತೆರೆದು ನೋಡಬಹುದು. ಜಾಹೀರಾತು, ಬಳಕೆಯ ವರದಿ ಮೊದಲಾದ ಮಾತುಗಳ ಮುಂದೆ ಚೌಕಗಳಿರುತ್ತವೆ. ಬೇಡವಾದದ್ದನ್ನು ತೆಗೆಯುವುದಕ್ಕೆ ಎರಡು ನಿಮಿಷ ಸಾಕು. ತೆಗೆದರೆ ಪಹಣಿ ನೋಡುವುದಕ್ಕಾಗಲಿ ಧಾರಣೆ ತಿಳಿಯುವುದಕ್ಕಾಗಲಿ ಅಡ್ಡಿಯಾಗುವುದಿಲ್ಲ. ತಾವು ಕೈ ಹಾಕುವ ಮೊದಲೇ ಯಾವ ಯಾವ ಚೌಕಗಳಲ್ಲಿ ಗುರುತು ಬಿದ್ದಿತ್ತು ಎಂಬುದನ್ನು ಎಣಿಸಿಕೊಳ್ಳುವುದು ಒಳ್ಳೆಯದು.